ಬಾಳೆ ಎಲೆ ಅಳೆಯೋಕೆ ಕತ್ತಿ ಬೇಡ, ಟೇಪು ಸಾಕು

"ಈ ಸಾಲಲ್ಲೂ ಗಿಡಕ್ಕೆ ಹನ್ನೊಂದು ಎಲೆ, ಆ ಸಾಲಲ್ಲೂ ಹನ್ನೊಂದೇ. ಎರಡೂ ಒಂದೇ ಅಲ್ವಾ ಸಾರ್?" ಗುಂಡ್ಲುಪೇಟೆ ಕಡೆಯ ತೋಟವೊಂದರಲ್ಲಿ ರೈತರು ಕೇಳಿದ ಪ್ರಶ್ನೆ ಇದು. ಪಚ್ಚಬಾಳೆ ತೋಟ, ಇನ್ನೂ ಗೊನೆ ಹಾಕಿರಲಿಲ್ಲ. ಅವರು ಎಲೆ ಎಣಿಸಿದ್ದರು. ಎಲೆ ಎಷ್ಟಿವೆ ಅನ್ನುವುದಷ್ಟೇ ಅಲ್ಲ, ಎಷ್ಟು ದೊಡ್ಡವು ಅನ್ನುವುದನ್ನೂ ನೋಡಬೇಕು ಎಂದು ನಾನು ಜೇಬಿನಿಂದ ಟೇಪು ತೆಗೆದೆ.

ಅಳೆಯುವುದು ಸುಲಭ. ಎಲೆಯ ಉದ್ದ, ಅತಿ ಅಗಲವಾದ ಜಾಗದಲ್ಲಿ ಅದರ ಅಗಲ, ಎರಡನ್ನೂ ಗುಣಿಸಿ, ಬಂದದ್ದನ್ನು 0.8ರಿಂದ ಗುಣಿಸಿ. ಎಲೆಯ ವಿಸ್ತೀರ್ಣ ಸಿಕ್ಕಿತು.

ಈ 0.8 ಎಲ್ಲಿಂದ ಬಂತು? ಊಟದ ಎಲೆ ಸುತ್ತ ಸರಿಯಾಗಿ ಒಂದು ಆಯತ ಬರೆದಿದ್ದೀರಿ ಅಂದುಕೊಳ್ಳಿ. ನಾಲ್ಕು ಮೂಲೆ ಖಾಲಿ ಉಳಿಯುತ್ತದೆ. ಎಲೆ ಪೂರಾ ಮೊಟ್ಟೆಯಾಕಾರದಲ್ಲಿದ್ದಿದ್ದರೆ ಆಯತದ 0.785 ಭಾಗ ತುಂಬುತ್ತಿತ್ತು. ಬಾಳೆ ಎಲೆ ಅದಕ್ಕಿಂತ ತುಸು ಮೈತುಂಬಿಕೊಂಡಿರುತ್ತದೆ. 1944ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಸಂಶೋಧಕ ಸಮ್ಮರ್‌ವಿಲ್ 0.83 ಎಂದರು. 1960ರಲ್ಲಿ ಮರ್ರೆ ಎಂಬ ಇನ್ನೊಬ್ಬ ಸಂಶೋಧಕರು 0.8 ಬಳಸಿದರು. ನಮ್ಮ ಕೆಲಸಕ್ಕೆ 0.8 ಧಾರಾಳ ಸಾಕು.

ಲೆಕ್ಕ ತಪ್ಪುವುದು ಗುಣಾಕಾರದಲ್ಲಲ್ಲ, ಟೇಪು ಹಿಡಿಯುವುದರಲ್ಲಿ. ಜಾಸ್ತಿ ಜನ ಉದ್ದವನ್ನು ತೊಟ್ಟಿನ ಬುಡದಿಂದ ಹಿಡಿಯುತ್ತಾರೆ. ಹಾಗಲ್ಲ, ಹಸಿರು ಹಾಳೆ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ತುದಿಯವರೆಗೆ ಅಳೆಯಬೇಕು. ಇನ್ನೊಂದು, ಮಟಮಟ ಮಧ್ಯಾಹ್ನ ಬಾಳೆ ಎಲೆಯ ಎರಡು ಮಗ್ಗುಲೂ ಕೆಳಗೆ ಮಡಚಿಕೊಂಡು ನಿಲ್ಲುತ್ತವೆ. ಆಗ ಸುಮ್ನೆ ಟೇಪು ಹಿಡಿದರೆ ಅಗಲ ಕಮ್ಮಿ ಬರುತ್ತದೆ. ಬೆಳಿಗ್ಗೆಯೇ ಹೋಗಿ, ಇಲ್ಲವೇ ಎಲೆಯನ್ನು ಕೈಯಲ್ಲಿ ಹರಡಿ ಹಿಡಿಯಿರಿ. ಗಾಳಿಗೆ ಸೀಳಿದ ಎಲೆ ನೋಡಿ ಗಾಬರಿ ಬೇಡ. ಸೀಳಿದರೂ ಪಟ್ಟಿಗಳು ಅಲ್ಲೇ ಇರುತ್ತವಲ್ಲ, ಜೋಡಿಸಿ ಹಿಡಿದು ಅಳೆಯಿರಿ. ಹಳೇ ಅಂಗಿ ಹಾಕಿಕೊಂಡು ಹೋಗುವುದು ಒಳ್ಳೆಯದು. ಬಾಳೆ ಕರೆ ಹತ್ತಿದ ನನ್ನ ಅಂಗಿಗಳ ಬಗ್ಗೆ ಮನೆಯಲ್ಲಿ ಪ್ರತ್ಯೇಕ ಅಂಕಣವೇ ನಡೆಯುತ್ತದೆ.

ಗಿಡದ ಹನ್ನೊಂದೂ ಎಲೆ ಅಳೆಯಲು ಏಣಿ ಬೇಕು, ತಾಳ್ಮೆಯೂ ಬೇಕು. ಅದಕ್ಕೊಂದು ಒಳದಾರಿ ಇದೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು 2002ರಲ್ಲಿ ಹೇಳಿದ್ದು. ಸುರುಳಿ ಬಿಚ್ಚದ ಸುಳಿಯನ್ನು ಬಿಟ್ಟು, ಮೇಲಿನಿಂದ ಮೂರನೇ ಎಲೆಯನ್ನು ಮಾತ್ರ ಅಳೆಯಿರಿ. ಅದರ ವಿಸ್ತೀರ್ಣವನ್ನು ಎಲೆಗಳ ಸಂಖ್ಯೆಯಿಂದ, ಮತ್ತೆ 0.662ರಿಂದ ಗುಣಿಸಿ. ಅಂದರೆ ಸರಾಸರಿ ಎಲೆ ಮೂರನೇ ಎಲೆಯ ಮೂರರಲ್ಲಿ ಎರಡು ಪಾಲಿನಷ್ಟು ಅಂತ.

ಆ ರೈತರ ತೋಟದ ಲೆಕ್ಕ ನೋಡಿ. ಒಂದು ಸಾಲಿನ ಗಿಡದಲ್ಲಿ ಮೂರನೇ ಎಲೆ 2.1 ಮೀಟರ್ ಉದ್ದ, 0.85 ಮೀಟರ್ ಅಗಲ. ಇಡೀ ಗಿಡಕ್ಕೆ ಸುಮಾರು 10.4 ಚದರ ಮೀಟರ್ ಎಲೆ. ಇನ್ನೊಂದು ಸಾಲಿನಲ್ಲಿ 1.5 ಮೀಟರ್ ಉದ್ದ, 0.6 ಮೀಟರ್ ಅಗಲ. ಸುಮಾರು 5.2 ಬಂತು. ಎಲೆ ಅಷ್ಟೇ, ಬಿಸಿಲು ಹಿಡಿಯುವ ಮೈ ಮಾತ್ರ ಅರ್ಧ! ಉದ್ದಕ್ಕೂ ಅಡ್ಡಕ್ಕೂ 1.8 ಮೀಟರ್ ಅಂತರದಲ್ಲಿ ನೆಟ್ಟ ಗಿಡಕ್ಕೆ ಸಿಗುವ ನೆಲ 3.24 ಚದರ ಮೀಟರ್. ಮೊದಲ ಸಾಲಿನ ಎಲೆ ಆ ನೆಲವನ್ನು ಮೂರು ಸಲ ಮುಚ್ಚುತ್ತದೆ, ಎರಡನೆಯದು ಒಂದೂವರೆ ಸಲಕ್ಕಿಂತ ತುಸು ಜಾಸ್ತಿ, ಅಷ್ಟೇ.

ಗೊನೆ ಬಂದ ಗಿಡಕ್ಕೆ ಈ ಒಳದಾರಿ ನಾನು ಬಳಸುವುದಿಲ್ಲ. ಕೊನೆಯಲ್ಲಿ ಬರುವ ಎಲೆಗಳು ಸಣ್ಣಗಾಗಿರುತ್ತವೆ, ಮೂರನೇ ಎಲೆ ನಂಬಿದರೆ ಲೆಕ್ಕ ಎಡವುತ್ತದೆ. ಎಲೆ ಚುಕ್ಕೆ ರೋಗ ಬಂದು ಕೆಳಗಿನ ಎಲೆ ಒಣಗಿದ್ದರೂ ಅಷ್ಟೇ. ಅಂಥಲ್ಲಿ ಒಂದೊಂದೇ ಎಲೆ ಅಳೆದು, ಒಣಗಿದ ಪಾಲನ್ನು ಕಣ್ಣಂದಾಜಿನಲ್ಲಿ ಕಳೆಯಿರಿ.

ಹೊರಡುವಾಗ ರೈತರು, "ಹಬ್ಬಕ್ಕೆ ನಾಲ್ಕು ಎಲೆ ಕೊಯ್ಕೊಳ್ಲಾ ಸಾರ್?" ಎಂದರು. ಕೊಯ್ಯಿರಿ, ಆದರೆ ಗೊನೆ ಬಂದ ಮೇಲೆ ಬಾಳೆ ಹೊಸ ಎಲೆ ಬಿಡುವುದಿಲ್ಲ, ಆಗ ಬೇಡ ಎಂದೆ. ಅವರು ಕತ್ತಿ ಹಿಡಿದು ಮೊದಲ ಸಾಲಿನ ಕಡೆಗೇ ನಡೆದರು.