ಆಂಗ್ಲಿಕನ್ ದೀಕ್ಷೆ ಸಿಂಧುವೇ? 1559, 1662, 1896

ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ (ಚರ್ಚಿನ) ಪಾದ್ರಿ, ಬಿಷಪ್ಪರ ದೀಕ್ಷೆಯನ್ನು ರೋಮಿನ ಕಥೋಲಿಕ ಸಭೆ ಏಕೆ ಒಪ್ಪುವುದಿಲ್ಲ? ಈ ಪ್ರಶ್ನೆ ಬಂದರೆ ಹೆಚ್ಚಿನವರು, ತಲೆಯ ಮೇಲೆ ಕೈಯಿಟ್ಟು ಒಬ್ಬರಿಂದೊಬ್ಬರಿಗೆ ದೀಕ್ಷೆ ಸಾಗಿಬಂದ ಬಿಷಪ್‌ಗಳ ಸಾಲಿನಲ್ಲಿ ಕೊಂಡಿ ಎಲ್ಲಿ ಕಳಚಿತೆಂದು ಹುಡುಕಲು ಹೊರಡುತ್ತಾರೆ. ರೋಮ್ ಕೊನೆಗೆ ಹಿಡಿದ ವಾದ ಬೇರೆ.

1559ರ ಡಿಸೆಂಬರ್ 17ರಂದು ಲ್ಯಾಂಬೆತ್ ಅರಮನೆಯ ಪ್ರಾರ್ಥನಾಲಯದಲ್ಲಿ ಕ್ಯಾಂಟರ್ಬರಿಯ ಹೊಸ ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್‌ಗೆ ಬಿಷಪ್ ದೀಕ್ಷೆಯಾಯಿತು. ಕೈಯಿಟ್ಟವರು ನಾಲ್ವರು: ಬಾರ್ಲೋ, ಸ್ಕೋರಿ, ಕವರ್ಡೇಲ್, ಹಾಡ್ಜ್‌ಕಿನ್ಸ್. ಬಾರ್ಲೋ ಅವರ ದೀಕ್ಷೆಯ ದಾಖಲೆ ಸಿಕ್ಕಿಲ್ಲ, ಅದನ್ನೇ ಹಿಡಿದು ಎಳೆದಾಡಿದವರಿದ್ದಾರೆ. ಆದರೆ ಹಾಡ್ಜ್‌ಕಿನ್ಸ್ 1537ರಲ್ಲಿ ಹಳೆಯ ಲ್ಯಾಟಿನ್ ವಿಧಿಯಂತೆಯೇ ದೀಕ್ಷೆ ಪಡೆದವರು, ಹಾಗಾಗಿ ಕೊಂಡಿ ಉಳಿಯುತ್ತದೆ. ಪಾರ್ಕರ್‌ಗೆ ಹೆಂಡದಂಗಡಿಯಲ್ಲಿ ದೀಕ್ಷೆಯಾಯಿತೆಂಬ ಕತೆಯಂತೂ ಬರೀ ಗಾಳಿಮಾತು.

1896ರಲ್ಲಿ ಪೋಪ್ 13ನೇ ಲಿಯೋ 'ಅಪೊಸ್ತೊಲಿಚೆ ಕೂರೆ' ಪತ್ರದಲ್ಲಿ ಈ ದೀಕ್ಷೆಗಳು ಪೂರ್ತಿ ಅಸಿಂಧು ಎಂದರು. ಕಾರಣ ಎರಡು: ವಿಧಿಯ ಮಾತು ಮತ್ತು ಉದ್ದೇಶ. 1552ರ ಆಂಗ್ಲಿಕನ್ ದೀಕ್ಷಾವಿಧಿಯಲ್ಲಿ ಕೈಯಿಡುವಾಗ 'ಪವಿತ್ರಾತ್ಮನನ್ನು ಹೊಂದು' ಎನ್ನುತ್ತಿದ್ದರು. ಯಾವ ಪದವಿಗೆ ಎಂಬುದು ಆ ಮಾತಿನಲ್ಲಿರಲಿಲ್ಲ. ಬಲಿಪೂಜೆ (ಪರಮಪ್ರಸಾದವನ್ನು ಕ್ರಿಸ್ತನ ಬಲಿಯಾಗಿ ಅರ್ಪಿಸುವ ಪೂಜೆ, ಮಾಸ್) ಅರ್ಪಿಸುವ ಅಧಿಕಾರ ಕೊಡುವ ಹಳೆಯ ಮಾತನ್ನೂ ಕಿತ್ತುಹಾಕಿದ್ದರು. 1662ರಲ್ಲಿ ಪದವಿಯ ಹೆಸರು ಸೇರಿತು. ಆದರೆ ಅಷ್ಟರಲ್ಲಿ ನೂರು ವರ್ಷ ಕಳೆದು, ದೀಕ್ಷೆ ಕೊಡಬಲ್ಲ ನಿಜವಾದ ಬಿಷಪ್ಪರೇ ಉಳಿದಿರಲಿಲ್ಲ ಎಂಬುದು ಲಿಯೋ ವಾದ.

'ಉದ್ದೇಶ' ಎಂದರೆ ಬಾರ್ಲೋ ಮನಸ್ಸಿನಲ್ಲಿ ಏನಿತ್ತು ಎಂದಲ್ಲ. ಈ ಪ್ರಶ್ನೆಗೆ ಉತ್ತರ ಹೇಳುವವರು ಎಡವುವುದು ಇಲ್ಲೇ. ಒಳಮನಸ್ಸಿನ ಬಗ್ಗೆ ಸಭೆ ತೀರ್ಪು ಕೊಡುವುದಿಲ್ಲ. ಬಲಿ ಅರ್ಪಿಸುವ ಯಾಜಕತ್ವ ಬೇಡವೆಂದೇ ವಿಧಿಯನ್ನು ತಿದ್ದಿದರೆ, ಆ ತಿದ್ದುಪಡಿಯೇ ಉದ್ದೇಶವನ್ನು ಬಯಲು ಮಾಡುತ್ತದೆ.

1897ರಲ್ಲಿ ಕ್ಯಾಂಟರ್ಬರಿ ಮತ್ತು ಯಾರ್ಕ್ ಆರ್ಚ್‌ಬಿಷಪ್ಪರು ಉತ್ತರಿಸಿದರು: ಪ್ರಾಚೀನ ದೀಕ್ಷಾಪ್ರಾರ್ಥನೆಗಳಲ್ಲೂ ಬಲಿಯ ಅಧಿಕಾರದ ಮಾತಿಲ್ಲ, ಅದೇ ಅಳತೆಗೋಲಾದರೆ ರೋಮಿನ ಹಳೆಯ ದೀಕ್ಷೆಗಳೂ ಬಿದ್ದುಹೋಗುತ್ತವೆ. ಮಾತಿನ ಕೊರತೆಯ ಆಕ್ಷೇಪಕ್ಕೆ ಇದು ಗಟ್ಟಿ ಉತ್ತರ. ಆದರೆ ಮೊದಲಿನಿಂದ ಇಲ್ಲದ್ದು ಬೇರೆ, ಇದ್ದದ್ದನ್ನು ತೆಗೆದದ್ದು ಬೇರೆ. ಅಲ್ಲಿ ಈ ಉತ್ತರ ಸೊರಗುತ್ತದೆ.

ಹಾಗಾದರೆ ಎಲ್ಲ ಸಂಸ್ಕಾರಗಳೂ ಹೋದವೇ? ಇಲ್ಲ. ಜ್ಞಾನಸ್ನಾನವನ್ನು (ಬ್ಯಾಪ್ಟಿಸಮ್) ಯಾರು ಕೊಟ್ಟರೂ ನಡೆಯುತ್ತದೆ: ನೀರು, ತ್ರಯೇಕ ದೇವರ (ತಂದೆ, ಮಗ, ಪವಿತ್ರಾತ್ಮ) ಹೆಸರು, ಸಭೆ ಮಾಡುವುದನ್ನು ಮಾಡುವ ಉದ್ದೇಶ ಇದ್ದರಾಯಿತು. ಲ್ಯಾಟಿನ್ ಸಂಪ್ರದಾಯದಲ್ಲಿ ಮದುವೆಯನ್ನು ನೆರವೇರಿಸುವವರು ವಧೂವರರೇ. ಪರಮಪ್ರಸಾದ, ಪಾಪನಿವೇದನೆ, ದೃಢೀಕರಣದಂಥವುಗಳಿಗೆ ಮಾತ್ರ ರೋಮಿನ ಲೆಕ್ಕದಲ್ಲಿ ದೀಕ್ಷೆಯ ಪ್ರಶ್ನೆ ಅಡ್ಡಬರುತ್ತದೆ. ಅದಕ್ಕೇ ಕಥೋಲಿಕರಾಗುವ ಆಂಗ್ಲಿಕನ್ ಪಾದ್ರಿಗಳಿಗೆ ಸಾಮಾನ್ಯವಾಗಿ ಮೊದಲಿಂದ ದೀಕ್ಷೆ.

ಅಪವಾದವೂ ಉಂಟು. ಆಂಗ್ಲಿಕನ್ನರಿಗೂ 'ಹಳೆ ಕಥೋಲಿಕ' ಎಂಬ, ರೋಮಿನಿಂದ ಬೇರೆಯಾದ ಸಭೆಗಳಿಗೂ ಆದ 1931ರ ಬಾನ್ ಒಪ್ಪಂದದ ನಂತರ ಹಳೆ ಕಥೋಲಿಕ ಬಿಷಪ್ಪರು ಆಂಗ್ಲಿಕನ್ ದೀಕ್ಷೆಗಳಲ್ಲಿ ಕೈಯಿಡತೊಡಗಿದರು. ಈ ಹಳೆ ಕಥೋಲಿಕ ಬಿಷಪ್ಪರ ದೀಕ್ಷೆಯನ್ನು ರೋಮ್ ಒಪ್ಪುತ್ತಿತ್ತು. ಅಂಥವರು ದೀಕ್ಷೆಯ ಸಾಲಿನಲ್ಲಿದ್ದ ಕಾರಣ 1994ರಲ್ಲಿ ಲಂಡನ್ನಿನ ಮಾಜಿ ಬಿಷಪ್ ಗ್ರಹಾಂ ಲಿಯೊನಾರ್ಡ್ ಅವರಿಗೆ ಯಾಜಕ ದೀಕ್ಷೆ ಷರತ್ತಿನ ಮೇಲೆ ನಡೆಯಿತು: ಮೊದಲೇ ಆಗಿಲ್ಲದಿದ್ದರೆ ಈಗ ಆಗಲಿ ಎಂಬ ಅರ್ಥದಲ್ಲಿ.

ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಬಿಷಪ್ಪರ ಸಾಲೂ ಈ ಆಂಗ್ಲಿಕನ್ ಬೇರಿನದೇ. ಆದರೆ 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಒಂದಾಗಿ ಸಿಎಸ್ಐ ಹುಟ್ಟಿ, ಮೆಥೋಡಿಸ್ಟ್ ಮತ್ತಿತರ ಸಭೆಗಳ ಪಾದ್ರಿಗಳನ್ನು ಮರುದೀಕ್ಷೆಯಿಲ್ಲದೆ ಸೇರಿಸಿಕೊಂಡಾಗ, ತಕರಾರು ತೆಗೆದವರು ಇಂಗ್ಲೆಂಡಿನ ಆಂಗ್ಲೋ-ಕಥೋಲಿಕರು, ಅಂದರೆ ಆಂಗ್ಲಿಕನ್ ಸಭೆಯೊಳಗೇ ಇದ್ದು ಕಥೋಲಿಕ ಸಂಪ್ರದಾಯ ಹಿಡಿದವರು.