‘ಸುಸ್ಥಿರ ಗೊಬ್ಬರ’ ಎಂಬುದೊಂದಿಲ್ಲ

ಹಿಂದೊಮ್ಮೆ ಒಂದು ಭಾಷಣದಲ್ಲಿ ‘ಸುಸ್ಥಿರ ಇಳುವರಿ, ಅಂದರೆ ಪ್ರತಿ ವರ್ಷವೂ ಒಂದೇ ಸಮನಾದ ಇಳುವರಿ’ ಎಂಬ ವಿವರಣೆ ಕೇಳಿದ್ದೆ. ಆಮೇಲೆ ಒಂದು ಕರಪತ್ರದಲ್ಲಿ ‘ಸುಸ್ಥಿರ ಅಥವಾ ಸಾವಯವ ಕೃಷಿ’ ಎಂಬ ತಲೆಬರಹ ಕಂಡಿತು. ಮೊನ್ನೆ ಗೊಬ್ಬರದ ಚೀಲವೊಂದರ ಮೇಲೆ ‘ನೂರಕ್ಕೆ ನೂರು ಸುಸ್ಥಿರ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಮೂರೂ ತಪ್ಪು. ಮೂರೂ ಬೇರೆ ಬೇರೆ ಬಗೆಯ ತಪ್ಪು. ಚೀಲ ನೋಡಿದ ಮೇಲೆ ಸುಮ್ನೆ ಇರಲಾಗಲಿಲ್ಲ.

ಮುಚ್ಚಿಗೆ (ನೆಲಕ್ಕೆ ಹೊದಿಸುವ ಎಲೆ, ಹುಲ್ಲು), ಮಿಶ್ರಬೆಳೆ, ಬೆಳೆ ಸರದಿ, ಹಸಿರೆಲೆ ಗೊಬ್ಬರ, ಹನಿ ನೀರಾವರಿ ಇವೆಲ್ಲ ನಿಮಗೆ ಗೊತ್ತೇ ಇವೆ. ಅವನ್ನು ಇಲ್ಲಿ ಮತ್ತೆ ವಿವರಿಸುವುದಿಲ್ಲ. ಅವನ್ನೆಲ್ಲ ಒಟ್ಟಿಗೆ ಕರೆಯಲು ನಾವು ಬಳಸುತ್ತಿರುವ ‘ಸುಸ್ಥಿರ’ ಎಂಬ ಆ ಒಂದು ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು.

‘ಸು’ ಅಂದರೆ ಚೆನ್ನಾಗಿ. ‘ಸ್ಥಿರ’ ಅಂದರೆ ಅಲ್ಲಾಡದೆ ನಿಂತದ್ದು. ‘ಸ್ಥಾ’, ಅಂದರೆ ನಿಲ್ಲು ಎಂಬ ಸಂಸ್ಕೃತ ಧಾತುವಿನಿಂದ ಬಂದ ಪದ ಇದು. ಸ್ಥಾನ, ಸ್ಥಿತಿ, ಸಂಸ್ಥೆ ಎಲ್ಲ ಅದೇ ಮನೆಯವು. ಇಂಗ್ಲಿಷಿನ ‘ಸಸ್ಟೇನಬಲ್’ ಎಂಬುದಕ್ಕೆ ನಾವು ಈ ಪದವನ್ನು ಹೊಂದಿಸಿಕೊಂಡೆವು. ಕಿವಿಗೆ ಎರಡೂ ಹತ್ತಿರ ಹತ್ತಿರ ಕೇಳಿಸುತ್ತವೆ. ಹಾಗಾಗಿ ಎರಡರ ಬೇರೂ ಒಂದೇ ಎಂದು ನಂಬಿದವರು ಜಾಸ್ತಿ. ವೇದಿಕೆಯ ಮೇಲೆ ನಿಂತು ಹಾಗೆ ಹೇಳಿದವರನ್ನೂ ಕೇಳಿದ್ದೇನೆ. ಅದು ನಿಜವಲ್ಲ.

ಇಂಗ್ಲಿಷ್ ಪದದ ಮೂಲ ಲ್ಯಾಟಿನ್ನಿನ ‘ಸಸ್ಟಿನೇರೆ’. ಅದರಲ್ಲಿ ಎರಡು ತುಂಡು. ‘ಸುಬ್’ ಅಂದರೆ ಕೆಳಗಿನಿಂದ, ‘ಟೆನೇರೆ’ ಅಂದರೆ ಹಿಡಿದುಕೊಳ್ಳು. ಬೀಳದ ಹಾಗೆ ಕೆಳಗಿನಿಂದ ಆತುಕೊಂಡಿರುವುದು ಎಂಬ ಅರ್ಥ. ಈ ‘ಟೆನೇರೆ’ಗೆ ಸಂಸ್ಕೃತದಲ್ಲಿ ಒಬ್ಬ ನೆಂಟ ಇದ್ದಾನೆ, ಆದರೆ ಅವನು ‘ಸ್ಥಾ’ ಅಲ್ಲ. ಅವನು ‘ತನ್’, ಎಳೆ, ಚಾಚು, ಹಬ್ಬಿಸು. ತಂತು, ತಂತಿ ಹುಟ್ಟಿದ್ದು ಅಲ್ಲಿಂದ. ಸತತ ಹುಟ್ಟಿದ್ದೂ ಅಲ್ಲಿಂದಲೇ. ಸಂತತಿ, ಸಂತಾನ ಹುಟ್ಟಿದ್ದೂ ಅಲ್ಲಿಂದಲೇ. ಅಂದರೆ ‘ಸಸ್ಟೇನ್’ ಎಂಬುದರ ನಿಜವಾದ ದಾಯಾದಿ ನಮ್ಮ ‘ಸತತ’. ಎಳೆ ಕಡಿಯದೆ ಮುಂದಕ್ಕೆ ಹೋಗುವುದು. ಹಿಂದಿಯವರು ‘ಸತತ್ ವಿಕಾಸ್’ ಎಂದಾಗ ತಿಳಿದೋ ತಿಳಿಯದೆಯೋ ಸರಿಯಾದ ಬೇರನ್ನೇ ಹಿಡಿದಿದ್ದಾರೆ. ಬೇಸಾಯಕ್ಕೆ ಅವರು ಬಳಸುವುದು ‘ಟಿಕಾವೂ ಖೇತಿ’, ಅಂದರೆ ಬಾಳಿಕೆ ಬರುವ ಬೇಸಾಯ. ಫ್ರೆಂಚರ ಪದವೂ ಹಾಗೆಯೇ, ‘ಡ್ಯುರಾಬ್ಲ್’, ಬಾಳುವಂಥದ್ದು. ಮರಾಠಿಯವರದು ‘ಶಾಶ್ವತ ಶೇತಿ’, ಅದು ಸ್ವಲ್ಪ ಅತಿಯಾಯಿತು.

ಇದು ಬರೀ ಪದದ ಆಟ ಅಲ್ಲ. ನಿಂತಿರುವುದಕ್ಕೂ ಸಾಗುತ್ತಿರುವುದಕ್ಕೂ ವ್ಯತ್ಯಾಸ ಇದೆ. ‘ಸ್ಥಿರ’ ಎಂದ ತಕ್ಷಣ ಮನಸ್ಸು ಸ್ಥಿರಾಸ್ತಿ, ಸ್ಥಿರ ಬೆಲೆ, ಸ್ಥಿರ ದೂರವಾಣಿ ಎಂಬ ಕಡೆಗೆ ಹರಿಯುತ್ತದೆ. ಬದಲಾಗದ್ದು ಎಂದು ಅರ್ಥವಾಗುತ್ತದೆ. ಭಾಷಣಕಾರರು ‘ಒಂದೇ ಸಮನಾದ ಇಳುವರಿ’ ಎಂದು ಜಾರಿದ್ದು ಇಲ್ಲೇ. ಆದರೆ ಸುಸ್ಥಿರ ಬೇಸಾಯದಲ್ಲಿ ವರ್ಷ ವರ್ಷಕ್ಕೂ ಬೆಳೆ ಬದಲಾಗಬೇಕು, ಮಳೆ ನೋಡಿ ಬಿತ್ತನೆ ಬದಲಾಗಬೇಕು, ಇಳುವರಿ ಏರುಪೇರಾಗಬಹುದು. ಉಳಿಯಬೇಕಾದ್ದು ಆ ನೆಲಕ್ಕೆ ಬೆಳೆಯುವ ಶಕ್ತಿ. ಇಂಗ್ಲಿಷ್ ಪದದ ಬಾಲದಲ್ಲಿ ‘ಬಲ್’ ಇದೆ ಅಲ್ವಾ, ನಮ್ಮ ‘ಬಲ್ಲ’ ಎಂಬುದರ ಅರ್ಥವೇ ಅದಕ್ಕೂ ಇದೆ. ಮುಂದುವರಿಯಬಲ್ಲ, ತಾಳಬಲ್ಲ. ಕನ್ನಡಕ್ಕೆ ಬರುವಾಗ ಆ ‘ಬಲ್ಲ’ ಬಿದ್ದುಹೋಯಿತು. ಸಾಧ್ಯತೆಯನ್ನು ಹೇಳುತ್ತಿದ್ದ ಪದ, ಆಗಿಹೋದ ಸಂಗತಿಯನ್ನು ಸಾರುವ ಪದವಾಯಿತು.

ಈ ಯೋಚನೆ ಹುಟ್ಟಿದ್ದು ಹೊಲದಲ್ಲಿ ಅಲ್ಲ, ಕಾಡಿನಲ್ಲಿ. ಜರ್ಮನಿಯ ಸ್ಯಾಕ್ಸನಿಯಲ್ಲಿ ಬೆಳ್ಳಿಯ ಗಣಿಗಳಿದ್ದವು. ಅದಿರು ಕರಗಿಸುವ ಕುಲುಮೆಗಳು ಸುತ್ತಲಿನ ಮರಗಳನ್ನೆಲ್ಲ ನುಂಗುತ್ತಿದ್ದವು. ಗಣಿ ಆಡಳಿತದ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲಿ ಬರೆದದ್ದರ ತಿರುಳು ಇಷ್ಟೇ: ಕಾಡು ಎಷ್ಟು ಬೆಳೆಯುತ್ತದೋ ಅಷ್ಟನ್ನೇ ಕಡಿಯಬೇಕು. ಇವತ್ತಿನ ಜರ್ಮನ್ ಪದ ‘ನಾಖ್‌ಹಾಲ್ಟಿಗ್’ ಅಲ್ಲಿಂದ ಬೆಳೆದದ್ದು. ‘ನಾಖ್’ ಅಂದರೆ ನಂತರ, ‘ಹಾಲ್ಟನ್’ ಅಂದರೆ ಹಿಡಿ. ಮತ್ತೆ ಅದೇ ಹಿಡಿತ! 1987ರಲ್ಲಿ ಗ್ರೋ ಹಾರ್ಲೆಮ್ ಬ್ರುಂಟ್‌ಲ್ಯಾಂಡ್ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗ ಕೊಟ್ಟ ವ್ಯಾಖ್ಯೆ ಎಲ್ಲರಿಗೂ ಗೊತ್ತಿರುವಂಥದ್ದು. ಮುಂದಿನ ಪೀಳಿಗೆ ತನ್ನ ಅಗತ್ಯ ಪೂರೈಸಿಕೊಳ್ಳುವ ಶಕ್ತಿಗೆ ಕುಂದು ತಾರದೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದು. ಸಂತಾನ ಎಂಬ ಪದ ಆ ಬೇರಿನಲ್ಲೇ ಕೂತಿತ್ತು, ನೋಡಿ.

ಅಮೆರಿಕದ 1990ರ ಕೃಷಿ ಕಾನೂನು ಸುಸ್ಥಿರ ಕೃಷಿಯನ್ನು ವ್ಯಾಖ್ಯಾನಿಸುವಾಗ ಎರಡು ಮಾತು ಸೇರಿಸಿತು. ಒಂದು, ಆಯಾ ಜಾಗಕ್ಕೆ ತಕ್ಕ ಹಾಗೆ. ಇನ್ನೊಂದು, ದೀರ್ಘಕಾಲದಲ್ಲಿ. ಯಾವ ನೆಲ, ಎಷ್ಟು ವರ್ಷ ಎಂದು ಹೇಳದೆ ಈ ಪದ ಬಳಸುವ ಹಾಗೇ ಇಲ್ಲ. ಗೊಬ್ಬರದ ಚೀಲಕ್ಕೆ ಜಾಗವೂ ಇಲ್ಲ, ದೀರ್ಘಕಾಲವೂ ಇಲ್ಲ. ಒಂದೇ ಗೊಬ್ಬರ ಒಂದು ಹೊಲದಲ್ಲಿ ಮಣ್ಣನ್ನು ಉಳಿಸಬಹುದು, ಇನ್ನೊಂದರಲ್ಲಿ ಹೆಚ್ಚಾಗಿ ಬಾವಿಯ ನೀರನ್ನು ಕೆಡಿಸಬಹುದು.

ಇನ್ನು ಕರಪತ್ರದ ‘ಅಥವಾ’. ನನಗೆ ಅತಿ ಹೆಚ್ಚು ಕಿರಿಕಿರಿ ಮಾಡುವ ಗೊಂದಲ ಇದು.

ಸಾವಯವ ಅಂದರೆ ಅವಯವ ಸಹಿತವಾದದ್ದು. ‘ಆರ್ಗ್ಯಾನಿಕ್’ ಎಂಬುದರ ನೇರ ಅನುವಾದ. ಅದು ಗ್ರೀಕಿನ ‘ಆರ್ಗನಾನ್’, ಅಂದರೆ ಉಪಕರಣ ಎಂಬುದರಿಂದ ಬಂದು, ದೇಹದ ಅಂಗ ಎಂಬ ಅರ್ಥ ಪಡೆಯಿತು. 1940ರಲ್ಲಿ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ ಈ ಪದವನ್ನು ಬೇಸಾಯಕ್ಕೆ ಅಂಟಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಇಡೀ ಜಮೀನೇ ಒಂದು ಜೀವಿ, ದನ, ಮಣ್ಣು, ಬೆಳೆ ಅದರ ಅಂಗಗಳು ಎಂಬ ಮಾತು. ಈಗ ಅದು ಬಳಸುವ ವಸ್ತುಗಳ ಪಟ್ಟಿಯಾಗಿದೆ. ಇದು ಹಾಕಬಹುದು, ಅದು ಹಾಕಬಾರದು. ರಸಾಯನಶಾಸ್ತ್ರದಲ್ಲಿ ಇದೇ ಪದಕ್ಕೆ ಇಂಗಾಲದ ಸಂಯುಕ್ತ ಎಂಬ ಅರ್ಥ. ಆ ಲೆಕ್ಕದಲ್ಲಿ ಯೂರಿಯಾ ಕೂಡ ಸಾವಯವ! ಪಾಠಪುಸ್ತಕದಲ್ಲಿ ಒಳಗೆ, ಹೊಲದಲ್ಲಿ ಹೊರಗೆ. ಹೀಗಿರುವಾಗ ಈ ಪದವನ್ನು ಇನ್ನೊಂದು ಪದದ ಬದಲಿಗೆ ನಿಲ್ಲಿಸುವುದು ಎಷ್ಟು ಸರಿ?

ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ಮೈಲುತುತ್ತ ಎಂಬ ತಾಮ್ರದ ಲವಣ, ಸುಣ್ಣ, ನೀರು. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಶಿಲೀಂಧ್ರ ರೋಗಕ್ಕೆ ಮದ್ದಾಗಿ ಬಂದದ್ದು. ಸಾವಯವ ನಿಯಮಗಳು ತಾಮ್ರದ ಇಂಥ ಸಿಂಪಡಣೆಗೆ ಮಿತಿಯೊಳಗೆ ಅನುಮತಿ ಕೊಡುತ್ತವೆ. ಆದರೆ ತಾಮ್ರ ಲೋಹ. ಅದು ಕೊಳೆಯುವುದಿಲ್ಲ, ಒಡೆಯುವುದಿಲ್ಲ. ಎಲೆಯಿಂದ ತೊಳೆದು ಮಣ್ಣಿಗಿಳಿದು ಮೇಲ್ಪದರದಲ್ಲೇ ಕೂರುತ್ತದೆ. ನೂರು ವರ್ಷ ಸಿಂಪಡಿಸಿದ ಹಳೆಯ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ಅದು ಗುಡ್ಡೆಬಿದ್ದಿದೆ. ಜಾಸ್ತಿಯಾದರೆ ಎರೆಹುಳು ಬಾಳುವುದಿಲ್ಲ. ಅದಕ್ಕೇ ಐರೋಪ್ಯ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕಿಲೋ ತಾಮ್ರ ಎಂದು ಕಟ್ಟು ಹಾಕಿದೆ. ಸಾವಯವ ಎಂಬ ಮೊಹರು ಬಿದ್ದ ತೋಟ, ನಿಧಾನವಾಗಿ ತನ್ನ ಮಣ್ಣನ್ನೇ ಕೊಲ್ಲುತ್ತಿರಬಹುದು.

ಈಗ ತಿರುಗಿಸಿ ನೋಡಿ. ಇಂಡೊನೇಷ್ಯಾದ ಭತ್ತದ ಗದ್ದೆಗಳಲ್ಲಿ ಕಂದು ಜಿಗಿಹುಳು ವಿಪರೀತವಾಗಿತ್ತು. ಎಷ್ಟು ಸಿಂಪಡಿಸಿದರೂ ಹೆಚ್ಚುತ್ತಲೇ ಹೋಯಿತು. ಕಾರಣ ಸರಳ. ಹುಳು ಮೊಟ್ಟೆ ಇಡುವುದು ಎಲೆಯ ಪೊರೆಯ ಒಳಗೆ, ಅಲ್ಲಿಗೆ ಔಷಧಿ ಮುಟ್ಟುವುದಿಲ್ಲ. ಮುಟ್ಟುವುದು ಹುಳುವನ್ನು ತಿನ್ನುವ ಜೇಡಕ್ಕೆ. ಮೊಟ್ಟೆ ಒಡೆದು ಮರಿ ಹೊರಬರುವ ಹೊತ್ತಿಗೆ ಗದ್ದೆಯಲ್ಲಿ ಶತ್ರುವೇ ಇಲ್ಲ. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. ಆಮೇಲೆ ರೈತರನ್ನು ಗದ್ದೆಯ ಬದುವಿನಲ್ಲೇ ಕೂರಿಸಿ, ಯಾವ ಹುಳು ಮಿತ್ರ, ಯಾವುದು ಶತ್ರು ಎಂದು ಎಣಿಸಲು ಕಲಿಸುವ ಪಾಠಶಾಲೆಗಳು ಶುರುವಾದವು. ಇಳುವರಿ ಕುಸಿಯಲಿಲ್ಲ. ಖರ್ಚು ಇಳಿಯಿತು. ಯೂರಿಯಾ ಮಾತ್ರ ನಿಲ್ಲಲಿಲ್ಲ, ಹಾಗಾಗಿ ಇದನ್ನು ಸಾವಯವ ಎನ್ನಲಾಗದು. ಆದರೆ ಮುಂದುವರಿಯಲಾರದ ಒಂದು ಪದ್ಧತಿ ಮುಂದುವರಿಯಬಲ್ಲದ್ದಾಯಿತು. ಸುಸ್ಥಿರ ಎಂಬ ಪದ ನಿಜವಾಗಿ ಒಪ್ಪುವುದು ಇಂಥ ಕಡೆ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ನಡೆಯುತ್ತಿರುವ ಬ್ರಾಡ್‌ಬಾಕ್ ಪ್ರಯೋಗದ ವಿಷಯವನ್ನೂ ಹೇಳಬೇಕು. ಒಂದೇ ಹೊಲ, ಗೋಧಿ, ಪಟ್ಟಿ ಪಟ್ಟಿಯಾಗಿ ಬೇರೆ ಬೇರೆ ಗೊಬ್ಬರ. ಒಂದು ಪಟ್ಟಿಗೆ ವರ್ಷ ವರ್ಷವೂ ಕೊಟ್ಟಿಗೆ ಗೊಬ್ಬರ, ಹೆಕ್ಟೇರಿಗೆ 35 ಟನ್. ಒಂದಕ್ಕೆ ಏನೂ ಇಲ್ಲ. ಗೊಬ್ಬರ ಬಿದ್ದ ಪಟ್ಟಿಯ ಮಣ್ಣಿನಲ್ಲಿ ಇಂಗಾಲ, ಏನೂ ಹಾಕದ ಪಟ್ಟಿಯ ಎರಡರಷ್ಟಕ್ಕಿಂತ ಹೆಚ್ಚು. ಇದನ್ನು ಹೇಳಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ 35 ಟನ್ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಅದು ಬೇರೆ ನೆಲದಲ್ಲಿ ಬೆಳೆದ ಮೇವು, ಬೇರೆ ನೆಲದ ಸಾರ. ಒಂದು ಹೊಲವನ್ನು ಸಾಕಲು ಹತ್ತಿರದ ಇನ್ನೊಂದನ್ನು ಬರಿದು ಮಾಡಿದರೆ, ಬೇಲಿಯ ಒಳಗೆ ಮಾತ್ರ ಸುಸ್ಥಿರ.

ದ್ವಿದಳ ಧಾನ್ಯದ ಬಗ್ಗೆಯೂ ಅರ್ಧ ಮಾತೇ ಚಲಾವಣೆಯಲ್ಲಿದೆ: ಅದನ್ನು ಬೆಳೆದರೆ ಸಾಕು, ಮಣ್ಣಿಗೆ ಸಾರಜನಕ ತಾನಾಗಿ ಸೇರುತ್ತದೆ ಎಂದು. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಎತ್ತಿ, ಬೇರನ್ನು ನೀರಿನಲ್ಲಿ ತೊಳೆಯಿರಿ. ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಕೆಲಸದಲ್ಲಿದೆ, ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ. ಆ ಕೆಂಪು ನಮ್ಮ ರಕ್ತದ ಕೆಂಪಿನ ಬಳಗದ್ದೇ, ಕಬ್ಬಿಣ ಇರುವ ವಸ್ತು. ಬಿಳಿ ಅಥವಾ ಹಸಿರು ಇದ್ದರೆ ಗಂಟು ಇದ್ದೂ ಪ್ರಯೋಜನವಿಲ್ಲ. ಯೂರಿಯಾ ಧಾರಾಳವಾಗಿ ಬಿದ್ದ ಹೊಲದಲ್ಲಿ ಗಂಟು ಕಟ್ಟುವುದೇ ಕಡಿಮೆ. ಇನ್ನೂ ಒಂದು ವಿಷಯ. ಕಾಳಿನ ಜೊತೆ ಸಾರಜನಕದ ದೊಡ್ಡ ಪಾಲು ಹೊಲದಾಚೆ ಹೋಗುತ್ತದೆ. ಗಿಡವನ್ನು ಬೇರು ಸಮೇತ ಕಿತ್ತು, ಹೊಟ್ಟನ್ನೂ ಸಾಗಿಸಿದರೆ ಮಣ್ಣಿಗೆ ಉಳಿಯುವುದು ಅತ್ಯಲ್ಪ. ರಂಜಕವಂತೂ ಗಾಳಿಯಿಂದ ಬರುವುದೇ ಇಲ್ಲ. ಹೋದದ್ದನ್ನು ಯಾವುದಾದರೂ ರೂಪದಲ್ಲಿ ತಂದು ಹಾಕಲೇಬೇಕು.

ಹಾಗಾದರೆ ಸುಸ್ಥಿರ ಬೇಸಾಯದ ಲಾಭ ಎಲ್ಲಿ ಕಾಣುತ್ತದೆ? ಇದಕ್ಕೂ ಭಾಷಣ ಬೇಡ, ಎರಡು ಲೋಟ ಸಾಕು. ಸದಾ ಉಳುತ್ತಾ, ಬರಿದಾಗಿ ಬಿಟ್ಟ ಹೊಲದಿಂದ ಹೆಬ್ಬೆರಳಿನಷ್ಟು ಒಣ ಹೆಂಟೆ ತನ್ನಿ. ಮುಚ್ಚಿಗೆಯ ಕೆಳಗೆ, ವರ್ಷಗಟ್ಟಲೆ ಬೇರು ಓಡಾಡಿದ ಜಾಗದಿಂದ ಇನ್ನೊಂದು. ಮಣ್ಣು ಒಂದೇ ಜಾತಿಯದಿರಲಿ. ಎರಡನ್ನೂ ಒಂದೊಂದು ಜರಡಿ ತುಂಡಿನ ಮೇಲಿಟ್ಟು ನೀರಿಗೆ ಇಳಿಸಿ. ಮೊದಲನೆಯದು ಗುಳ್ಳೆ ಬಿಡುತ್ತಾ ಕೆಲವೇ ನಿಮಿಷದಲ್ಲಿ ಕರಗಿ ಕೆಸರಾಗಿ ತಳ ಸೇರುತ್ತದೆ. ಎರಡನೆಯದು ಹಾಗೇ ಕೂತಿರುತ್ತದೆ, ನೀರು ತಿಳಿಯಾಗೇ ಇರುತ್ತದೆ. ಬೇರಿನ ಎಳೆ, ಶಿಲೀಂಧ್ರದ ದಾರ, ಸೂಕ್ಷ್ಮಜೀವಿಗಳ ಅಂಟು ಅದನ್ನು ಹಿಡಿದುಕೊಂಡಿವೆ. ಜೋರು ಮಳೆಗೆ ಮೊದಲನೇ ಹೊಲದ ಮೇಲ್ಮೈ ಹೆಪ್ಪುಗಟ್ಟುತ್ತದೆ, ನೀರು ಇಂಗದೆ ಮಣ್ಣು ಹೊತ್ತು ಓಡುತ್ತದೆ. ಎರಡನೆಯದು ನೀರನ್ನು ಕುಡಿದು ಇಟ್ಟುಕೊಳ್ಳುತ್ತದೆ, ಮಳೆ ತಡವಾದರೆ ಬೆಳೆ ಇನ್ನಷ್ಟು ದಿನ ತಡೆಯುತ್ತದೆ. ‘ತಂತು’ ಹುಟ್ಟಿದ ಆ ಹಳೆಯ ಬೇರು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಪದವನ್ನು ಈಗ ಬದಲಿಸಲಾಗದು, ‘ಸುಸ್ಥಿರ’ ಊರಿಬಿಟ್ಟಿದೆ. ಬಳಸುವಾಗ ಅದನ್ನು ವಸ್ತುವಿಗೆ ಅಂಟಿಸದೆ ಪದ್ಧತಿಗೆ ಅಂಟಿಸಿ. ‘ಈ ಹೊಲದಲ್ಲಿ ಹತ್ತು ವರ್ಷದಿಂದ ಈ ಬೆಳೆ ಸರದಿ ನಡೆದಿದೆ, ಮಣ್ಣಿನ ಇಂಗಾಲ ಇಳಿದಿಲ್ಲ, ಬಾವಿಯ ಮಟ್ಟ ಇಳಿದಿಲ್ಲ, ಸಾಲ ಏರಿಲ್ಲ’ ಎನ್ನಲು ಸಾಧ್ಯವಾದರೆ ಸುಸ್ಥಿರ ಎನ್ನಿ. ಸಾವಯವವೂ ಆಗಿದ್ದರೆ ಅದನ್ನು ಬೇರೆಯಾಗಿ ಹೇಳಿ, ನಡುವೆ ‘ಅಥವಾ’ ಬೇಡ. ಇನ್ನು ಆ ಚೀಲದ ಮೇಲೆ ಬೇಕಿದ್ದದ್ದು ಇಷ್ಟೇ: ಒಳಗೆ ಏನೇನಿದೆ, ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇಕಡಾ ಎಷ್ಟು, ತೇವ ಎಷ್ಟು.