ಜಾವಾ: ಎಲ್ಲ ಸ್ಟ್ಯಾಟಿಕ್ ಯುಟಿಲಿಟಿಗಳಿಗೂ ಒಂದೇ ಬಾಗಿಲು

ಟೆಕ್ಸ್ಟ್‌ಯುಟಿಲ್, ಡೇಟ್‌ಯುಟಿಲ್, ಫೈಲ್‌ಯುಟಿಲ್ ಅಂತ ಕ್ಲಾಸ್‌ಗಳಿವೆ, ಮೆಥಡ್‌ಗಳೆಲ್ಲ ಸ್ಟ್ಯಾಟಿಕ್, ಅಂದರೆ ಆಬ್ಜೆಕ್ಟ್ ಮಾಡದೆ ಕ್ಲಾಸ್‌ನ ಹೆಸರಿನಿಂದಲೇ ಕರೆಯಬಹುದು. ಯುಟಿಲ್ಸ್ ಅಂತ ಬರೆದು ಚುಕ್ಕಿ ಒತ್ತಿದರೆ ಎಲ್ಲವೂ ಸಿಗಬೇಕು: ಯುಟಿಲ್ಸ್.ಟೆಕ್ಸ್ಟ್.ಈಸ್‌ಬ್ಲ್ಯಾಂಕ್(ಹೆಸರು).

ಮೊದಲು ತೋಚುವುದು, ಯುಟಿಲ್ಸ್ ಒಳಗೆ ಟೆಕ್ಸ್ಟ್ ಅನ್ನುವ ಸ್ಟ್ಯಾಟಿಕ್ ಫೀಲ್ಡ್ ಮಾಡಿ ಅದಕ್ಕೆ ಟೆಕ್ಸ್ಟ್‌ಯುಟಿಲ್ ಅನ್ನೇ ಅಸೈನ್ ಮಾಡುವುದು. ಕಂಪೈಲ್ ಆಗುವುದಿಲ್ಲ. ಬಲಗಡೆ ಒಂದು ವ್ಯಾಲ್ಯೂ ಇರಬೇಕು, ಕ್ಲಾಸ್‌ನ ಹೆಸರು ಬರೀ ಟೈಪ್. ಪೈಥಾನ್‌ನಲ್ಲಿ ಇದು ಸಲೀಸು, ಅಲ್ಲಿ ಕ್ಲಾಸೂ ಒಂದು ಆಬ್ಜೆಕ್ಟ್. ಟೆಕ್ಸ್ಟ್‌ಯುಟಿಲ್.ಕ್ಲಾಸ್ ಅಂತ ಬರೆದರೆ ಜಾವಾದಲ್ಲೂ ಆಬ್ಜೆಕ್ಟ್ ಸಿಗುತ್ತದೆ. ಆದರೆ ಅದರ ಮೇಲೆ ಈಸ್‌ಬ್ಲ್ಯಾಂಕ್ ನೇರವಾಗಿ ಕರೆಯಲು ಬರುವುದಿಲ್ಲ, ರಿಫ್ಲೆಕ್ಷನ್ (ಓಡುವಾಗ ಹೆಸರು ಕೊಟ್ಟು ಮೆಥಡ್ ಹುಡುಕಿ ಕರೆಯುವ ವಿಧಾನ) ಬೇಕು.

ಈಗ ತಲೆ ತಿನ್ನುವ ಭಾಗ. ಫೀಲ್ಡ್‌ನ ಟೈಪ್ ಟೆಕ್ಸ್ಟ್‌ಯುಟಿಲ್ ಅಂತ ಇಟ್ಟು, ವ್ಯಾಲ್ಯೂ ನಲ್ (ಅಂದರೆ ಯಾವ ಆಬ್ಜೆಕ್ಟೂ ಇಲ್ಲ) ಕೊಡಿ. ಮೆಥಡ್ ಕರೆಯಿರಿ. ಓಡುತ್ತದೆ! ನಲ್ ಪಾಯಿಂಟರ್ ಎಕ್ಸೆಪ್ಷನ್ ಬರುವುದೇ ಇಲ್ಲ. ಯಾಕೆ? ಯಾವ ಕ್ಲಾಸ್‌ನ ಸ್ಟ್ಯಾಟಿಕ್ ಮೆಥಡ್ ಅನ್ನುವುದನ್ನು ಕಂಪೈಲರ್ ಮೊದಲೇ, ವೇರಿಯಬಲ್‌ನ ಟೈಪ್ ನೋಡಿ, ತೀರ್ಮಾನಿಸಿರುತ್ತದೆ. ಕಂಪೈಲ್ ಆಗಿ ಬರುವ ಬೈಟ್‌ಕೋಡ್‌ನಲ್ಲಿ ಉಳಿಯುವುದು ಇನ್ವೋಕ್‌ಸ್ಟ್ಯಾಟಿಕ್ ಸೂಚನೆ. ಅದಕ್ಕೆ ಆಬ್ಜೆಕ್ಟ್ ಬೇಕಿಲ್ಲ. ಹಾಗಾಗಿ ವೇರಿಯಬಲ್ ಒಳಗೆ ನಲ್ ಇರಲಿ, ಸಬ್‌ಕ್ಲಾಸ್‌ನ ಆಬ್ಜೆಕ್ಟೇ ಇರಲಿ, ಕರೆ ಹೋಗುವುದು ಡಿಕ್ಲೇರ್ ಮಾಡಿದ ಟೈಪ್‌ಗೇ. ಸ್ಟ್ಯಾಟಿಕ್ ಮೆಥಡ್ ಓವರ್‌ರೈಡ್ ಆಗುವುದಿಲ್ಲ ಅನ್ನುವ ಮಾತಿನ ಅರ್ಥವೂ ಇದೇ ಅಲ್ವಾ?

ಇದನ್ನು ಶಾರ್ಟ್‌ಕಟ್ ಅಂತ ಬಳಸಬೇಡಿ. ನಾಳೆ ಯಾರೋ ಆ ಮೆಥಡ್‌ನಿಂದ ಸ್ಟ್ಯಾಟಿಕ್ ತೆಗೆದರು ಅಂದುಕೊಳ್ಳಿ. ಮತ್ತೆ ಕಂಪೈಲ್ ಮಾಡಿದಾಗ ಎರರ್ ಇಲ್ಲ, ಓಡಿಸಿದಾಗ ಮಾತ್ರ ಎಕ್ಸೆಪ್ಷನ್.

ನನಗೆ ಹಿಡಿಸಿದ್ದು ನೆಸ್ಟೆಡ್ ಕ್ಲಾಸ್. ಯುಟಿಲ್ಸ್ ಒಳಗೆ ಟೆಕ್ಸ್ಟ್ ಅನ್ನುವ ಸ್ಟ್ಯಾಟಿಕ್ ಕ್ಲಾಸ್ ಮಾಡಿ, ಅದು ಟೆಕ್ಸ್ಟ್‌ಯುಟಿಲ್ ಅನ್ನು ಎಕ್ಸ್‌ಟೆಂಡ್ ಮಾಡಲಿ. ಒಳಗೆ ಒಂದು ಸಾಲೂ ಬೇಡ. ಸ್ಟ್ಯಾಟಿಕ್ ಮೆಥಡ್‌ಗಳು ಇನ್‌ಹೆರಿಟ್ ಆಗುತ್ತವೆ, ನಮಗೆ ಬೇಕಿದ್ದ ಚುಕ್ಕಿಯ ಸಾಲು ಹಾಗೇ ಕೆಲಸ ಮಾಡುತ್ತದೆ. ತೊಡಕು ಇರುವುದು ಕನ್ಸ್ಟ್ರಕ್ಟರ್‌ನಲ್ಲಿ. ಯುಟಿಲಿಟಿ ಕ್ಲಾಸ್‌ಗೆ ಪ್ರೈವೇಟ್ ಕನ್ಸ್ಟ್ರಕ್ಟರ್ ಒಂದೇ ಇಡುವುದು ರೂಢಿ. ಸಬ್‌ಕ್ಲಾಸ್ ಅದನ್ನು ಕರೆಯಲೇಬೇಕು, ಹಾಗಾಗಿ ಬೇರೆ ಫೈಲ್‌ನಿಂದ ಎಕ್ಸ್‌ಟೆಂಡ್ ಮಾಡಲಾಗದು. ನಮ್ಮದೇ ಕ್ಲಾಸ್ ಆದರೆ ಪ್ರೊಟೆಕ್ಟೆಡ್ ಮಾಡಬಹುದು. ಮ್ಯಾಥ್ ಥರದ ಫೈನಲ್ (ಎಕ್ಸ್‌ಟೆಂಡ್ ಮಾಡಲು ಬಿಡದ) ಕ್ಲಾಸ್‌ಗೆ ದಾರಿಯೇ ಇಲ್ಲ. 2014ರ ಜಾವಾ 8ರಿಂದ ಇಂಟರ್‌ಫೇಸ್‌ನಲ್ಲೂ ಸ್ಟ್ಯಾಟಿಕ್ ಮೆಥಡ್ ಬರೆಯಬಹುದು, ಆದರೆ ಅವು ಇನ್‌ಹೆರಿಟ್ ಆಗುವುದಿಲ್ಲ.

ಬರೀ ಟೈಪಿಂಗ್ ಕಡಿಮೆ ಆಗಬೇಕು ಅಂದರೆ 2004ರ ಜಾವಾ 5ರಿಂದಲೇ ಸ್ಟ್ಯಾಟಿಕ್ ಇಂಪೋರ್ಟ್ ಇದೆ, ಕ್ಲಾಸ್‌ನ ಹೆಸರು ಬರೆಯದೆ ಮೆಥಡ್ ಕರೆಯಬಹುದು. ಮ್ಯಾಥ್‌ನ ಮ್ಯಾಕ್ಸ್‌ಗೆ ಚೆನ್ನಾಗಿ ಒಗ್ಗುತ್ತದೆ. ಅರೇಸ್‌ನ ಟುಸ್ಟ್ರಿಂಗ್‌ಗೆ ಮಾತ್ರ ಒಗ್ಗುವುದಿಲ್ಲ. ಪ್ರತಿ ಕ್ಲಾಸ್‌ಗೂ ಆಬ್ಜೆಕ್ಟ್ ಅನ್ನುವ ಮೂಲ ಕ್ಲಾಸ್‌ನಿಂದ ಬಂದ ಟುಸ್ಟ್ರಿಂಗ್ ಇದ್ದೇ ಇರುತ್ತದೆ, ಅದು ಇಂಪೋರ್ಟ್ ಮಾಡಿದ್ದನ್ನು ಮರೆಮಾಡುತ್ತದೆ. ಅಲ್ಲಿ ಅರೇಸ್.ಟುಸ್ಟ್ರಿಂಗ್ ಅಂತ ಪೂರ್ತಿಯಾಗಿಯೇ ಬರೆಯಬೇಕು.